ಗುಂಡಿಗೆ ಹಾಕಿದ ಉಪ್ಪು

ಕರೆಂಟು ಮೇಸ್ತ್ರಿಯ ಬಲಗೈ ಬೆರಳ ಸಂದಿಗಳಲ್ಲಿ ಇದ್ದಿಲಿನ ಕಪ್ಪು ಯಾವತ್ತೂ ಇರುತ್ತಿತ್ತು. ಉಗುರಿನ ಸುತ್ತ ಚರ್ಮವನ್ನು ಉಪ್ಪು ತಿಂದು ಬಿರಿಸಿತ್ತು. ಖಾರ ತಾಗಿದರೆ ಉರಿಯೆಂದು ಮುದ್ದೆಯನ್ನು ಮಜ್ಜಿಗೆಯಲ್ಲಿ ಅದ್ದಿ ಉಣ್ಣುತ್ತಿದ್ದರು.

ತೊಂಬತ್ತರ ದಶಕದ ಮಾತು. ಕೃಷ್ಣರಾಜಪೇಟೆಯ ಹೊರಗೆ ಸಾಹುಕಾರರೊಬ್ಬರು ಹಾಲು ತಣ್ಣಗೆ ಮಾಡುವ ಘಟಕ ಇಟ್ಟಿದ್ದರು. ನಾನು ಅಲ್ಲಿ ಹಾಲು ಪರೀಕ್ಷೆಗಿದ್ದೆ. ತಂಪಿನ ಯಂತ್ರವನ್ನು ಆಳುತ್ತಿದ್ದುದು ಗೋಡೆಯ ತಗಡಿನ ಡಬ್ಬಿಯೊಳಗಿದ್ದ ಒಂದು ಬೋರ್ಡು. ಅದಕ್ಕೆ ಕರೆಂಟು ಇಳಿಸಿ ಕೊಡಲು ಅಂಗೈಯಗಲದ ಟ್ರಾನ್ಸ್‌ಫಾರ್ಮರು.

"ಬೋರ್ಡು ಎಳೇ ಮಗ ಇದ್ದಂಗೆ ಕಣವ್ವ," ಎನ್ನುತ್ತಿದ್ದರು ಮೇಸ್ತ್ರಿ. "ಲೈನಿನ ಕರೆಂಟು ಅದಕ್ಕೆ ಅರಗಕಿಲ್ಲ. ಈ ಟ್ರಾನ್ಸ್‌ಫಾರ್ಮರು ಇಷ್ಟಿಷ್ಟೇ ಕೊಡ್ತದೆ. ಮಿಕ್ಕ ಚೇಷ್ಟೆನೆಲ್ಲ ಭೂಮ್ತಾಯಿ ತಕ್ಕೊತಾಳೆ."

ಆ ಚೇಷ್ಟೆ, ಅಂದರೆ ಹೆಚ್ಚಾದ ಕರೆಂಟು, ಭೂಮಿಗಿಳಿಯಲು ಹಿತ್ತಲ ಗುಂಡಿಯಲ್ಲಿ ತಾಮ್ರದ ತಟ್ಟೆ ಹೂಳಿ, ಅಲ್ಲಿಂದ ಡಬ್ಬಿಗೆ ಕಬ್ಬಿಣದ ಪಟ್ಟಿ ಎಳೆದಿದ್ದರು. ತೇವ ಆರದಿರಲೆಂದು ಸುತ್ತ ಇದ್ದಿಲು, ಉಪ್ಪು. ಮೇಸ್ತ್ರಿ ಬೆಳಿಗ್ಗೆ ಬಂದವರೇ ಚಪ್ಪಲಿ ಕಳಚಿ ಗುಂಡಿಗೆ ನೀರು ಹೊಯ್ಯುತ್ತಿದ್ದರು. ಅಮಾವಾಸ್ಯೆ ಬಂದರೆ ಸೇರು ಉಪ್ಪು.

ಕ್ಯಾನು ಇಳಿಸುವ ಆಳು ರೇಗಿಸುತ್ತಿದ್ದ: "ಏನ್ ಮೇಸ್ತ್ರಿ, ಎಂಡ್ರು ಸಾರಿಗೆ ಮಡಗಿದ್ ಉಪ್ಪೆಲ್ಲ ಇಲ್ಲಿಗೇ ತಂದ್ಬುಟ್ಯಾ?"

"ಸಾರು ಸಪ್ಪೆಯಾದ್ರೆ ನಾನೊಬ್ಬ ಉಪಾಸ ಕಣ್ಲಾ. ಇದು ಕೆಟ್ರೆ ನಾಕೂರ ಆಲು ಒಡೀತದೆ."

ಒಂದು ಬೇಸಿಗೆಯಲ್ಲಿ ಅದೇ ಆಯಿತು. ಬೋರ್ಡು ಸುಟ್ಟು ಯಂತ್ರ ನಿಂತಿತು. ಒಡೆದ ಹಾಲನ್ನೆಲ್ಲ ಚರಂಡಿಗೆ ಸುರಿದೆವು. ಮೈಸೂರಿಂದ ಬಂದ ರಿಪೇರಿಯವನು ಮೀಟರು ಹಿಡಿದು ನೋಡಿ, ಅರ್ಥಿಂಗೇ ಇಲ್ಲ, ಕರೆಂಟು ಭೂಮಿಗೆ ಇಳಿಯುತ್ತಲೇ ಇಲ್ಲ ಎಂದ. ಸಾಹುಕಾರರು ಮೇಸ್ತ್ರಿಯತ್ತ ತಿರುಗಿದರು.

"ತಾಮ್ರದ ತಟ್ಟೆ ಯಾರಿಗ್ಲಾ ಮಾರ್ದೆ?"

ಮೇಸ್ತ್ರಿ ಹಿತ್ತಲಿಗೆ ನಡೆದರು. ಹಾರೆ ತಂದು ಎಲ್ಲರೆದುರು ತಾವೇ ಅಗೆದರು. ತಟ್ಟೆ ಹಸಿರುಗಟ್ಟಿ ಇದ್ದಲ್ಲೇ ಇತ್ತು. ಇಲ್ಲದ್ದು ಕಬ್ಬಿಣದ ಪಟ್ಟಿ. ಅಷ್ಟು ವರ್ಷದ ಉಪ್ಪು ಅದನ್ನು ತಿಂದಿತ್ತು; ಕೈಗೆ ಬಂದದ್ದು ಒಂದು ಹಿಡಿ ತುಕ್ಕಿನ ಪುಡಿ.

ಸಾಹುಕಾರರು ನಕ್ಕುಬಿಟ್ಟರು. "ಕಳ್ಳ ಅಲ್ಲ ಬುಡು, ದಡ್ಡ." ಎಲ್ಲರೂ ನಕ್ಕರು.

ಮಾರನೆಯ ದಿನದಿಂದ ಮೇಸ್ತ್ರಿ ಬರಲಿಲ್ಲ. ಮನೆಗೆ ಹೋಗಿ ಕರೆದೆ. ಜಗಲಿಯ ಮೇಲೆ ಕೂತು ಬೆರಳು ನೋಡಿಕೊಳ್ಳುತ್ತಿದ್ದರು.

"ಕಳ್ಳ ಅಂದಿದ್ ತಡ್ಕೊಂಡೆ ಕಣವ್ವ, ಅದು ಸುಳ್ಳು. ದಡ್ಡ ಅಂದಿದ್ ನಿಜ ಅಲ್ವಾ? ನನ್ ಕೈಯಾರೆ ಪಟ್ಟೀನ ಉಪ್ಪಿಗೆ ತಿನ್ನಿಸ್ದೆ."

ಮತ್ತೆ ಅವರು ಯಾರ ಮನೆಯ ಸ್ವಿಚ್ಚನ್ನೂ ಬಿಚ್ಚಲಿಲ್ಲ. ಇನ್ನೊಮ್ಮೆ ಹೋದಾಗ, ಹೊಸ ಗುಂಡಿ ತೋಡಿದ ರಿಪೇರಿಯವನೂ ಉಪ್ಪನ್ನೇ ಸುರಿದು ಹೋದನೆಂದು ಹೇಳಿದೆ. ಕೇಳಿಸಿಕೊಂಡು ಒಳಗೆ ಹೋದರು.

ಎರಡು ವರ್ಷ ಕಳೆದು ಅವರು ತೀರಿಕೊಂಡಾಗ ಹೊಲದ ಬದುವಿನಲ್ಲಿ ಗುಂಡಿ ತೆಗೆದರು. ನಮ್ಮ ಕಡೆ ಹೂಳುವಾಗ ಉಪ್ಪು ಹಾಕುವುದುಂಟು. ಕ್ಯಾನು ಇಳಿಸುತ್ತಿದ್ದ ಆಳೇ ಚೀಲ ಹೊತ್ತು ತಂದು ಬಾಯಿ ಬಿಚ್ಚಿದ. ಅಲ್ಲಿಯತನಕ ಅಳದಿದ್ದ ಅವರ ಹೆಂಡತಿ ಈಗ ಅತ್ತರು.

"ಬ್ಯಾಡ ಕಣಪ್ಪ," ಎಂದರು. "ಅದೊಂದು ಬ್ಯಾಡ."

ಅವನು ಚೀಲದ ಬಾಯಿ ಕಟ್ಟಿ ದೂರ ಇಟ್ಟ. ಬರೀ ಮಣ್ಣು ಹಾಕಿದೆವು.