ಅಪ್ಪನ ಗಮಕ ಮತ್ತು ಸವೆದ ಕಿಂಗ್ ಪಿನ್

ಅಪ್ಪ ಕಾರಿನಲ್ಲಿ ಮಾತ್ರ ಹಾಡುತ್ತಿದ್ದ. ಬಳ್ಳಾರಿಯಿಂದ ಸಿರುಗುಪ್ಪದ ಅಜ್ಜಿ ಮನೆಗೆ ಹೊರಟರೆ, ಕುರುಗೋಡಿನ ಗುಡ್ಡ ಕಂಡ ಕೂಡಲೇ ಒಂದು ವಚನ ಎತ್ತಿಕೊಳ್ಳುತ್ತಿದ್ದ. ಕೊನೆಯ ಸಾಲಿನಲ್ಲಿ ಅವನ ದನಿ ಅಲೆಯಲೆಯಾಗಿ ನಡುಗುತ್ತಾ ಮೇಲೇರುತ್ತಿತ್ತು. ಅಂಥ ಗಮಕ ಮತ್ತೆಲ್ಲೂ ಕೇಳಿಲ್ಲ ಎಂದು ಎಷ್ಟು ಜನರ ಮುಂದೆ ಕೊಚ್ಚಿಕೊಂಡಿದ್ದೇನೋ!

ಅಪ್ಪ ಹೋದ ಮೇಲೆ ಆ ಹಳೇ ಕಾರು ನನ್ನ ಪಾಲಿಗೆ ಬಂತು. ಈಚೆಗೆ ಅದರ ಮುಂದಿನ ಚಕ್ರಗಳು ವಿಪರೀತ ನಡುಗತೊಡಗಿದ್ದವು. ಸಿರುಗುಪ್ಪದಲ್ಲಿರುವ ಅಕ್ಕನಿಗೆ ಫೋನಿನಲ್ಲಿ ಹೇಳಿದೆ.

"ಅದು ಅವಾಗಿಂದ್ಲೂ ನಡುಗ್ತಿತ್ತಲ್ಲೋ. ಗಾಡಿ ನಡುಗ್ತಿತ್ತು, ಅಪ್ಪನ ದನಿ ನಡುಗ್ತಿತ್ತು. ಅದೇ ನಿನ್ನ ಗಮಕ!"

ಎಲ್ಲವನ್ನೂ ಅನುಮಾನಿಸುವುದನ್ನು ವಿಶ್ವವಿದ್ಯಾಲಯದಲ್ಲಿ ಕಲಿತಿದ್ದೆ; ಇದೊಂದು ನೆನಪನ್ನು ಮಾತ್ರ ಮುಟ್ಟಿ ನೋಡಿರಲಿಲ್ಲ. ಅಪ್ಪನ ಹಾಡಿನ ಟೇಪಿಲ್ಲ. ಉಳಿದ ಸಾಕ್ಷಿ ಕಾರೊಂದೇ.

ಬಳ್ಳಾರಿ ಕಂಟೋನ್ಮೆಂಟಿನ ಗ್ಯಾರೇಜ್ ಮೇಸ್ತ್ರಿ ಜಾಕ್ ಏರಿಸಿ, ಚಕ್ರವನ್ನು ಮೇಲೂ ಕೆಳಗೂ ಹಿಡಿದು ಅಲ್ಲಾಡಿಸಿದ. ಚಕ್ರ ಎಡಬಲಕ್ಕೆ ಹೊರಳುವ ಕೀಲೇ ಸವೆದಿತ್ತು.

"ಕಿಂಗ್ ಪಿನ್ ಹೋಗ್ಯಾವ ಸರ್, ಬುಷ್ಷೂ ಹೋಗ್ಯಾವ. ನೋಡ್ರಿ, ಮುದುಕನ ಹಲ್ಲು ಅಳ್ಳಾಡಿದಂಗ ಅಳ್ಳಾಡ್ತೈತಿ."

"ಬಿಚ್ಚೋಕಿಂತ ಮೊದ್ಲ ಒಂದು ರೌಂಡ್ ಹೋಗೋಣ," ಎಂದೆ.

ಖಾಲಿ ರಸ್ತೆಯಲ್ಲಿ ವೇಗ ಏರುತ್ತಲೇ ಸ್ಟೀರಿಂಗ್ ಗಡಗಡ ಎಂದಿತು. ಅಪ್ಪನ ವಚನ ಎತ್ತಿಕೊಂಡೆ. ಶ್ರುತಿಯ ಗಂಧವಿಲ್ಲದ ನನ್ನ ಗಂಟಲಿನಿಂದ ಗಮಕವೋ ಗಮಕ!

ಪಕ್ಕದಲ್ಲಿದ್ದ ಮೇಸ್ತ್ರಿ ಬಾಗಿಲಿಗೆ ಅಂಟಿಕೊಂಡ. "ಹಾಡು ಆಮ್ಯಾಲ ಹಾಡ್ರಿ ಸರ್, ಮೊದ್ಲ ಬ್ರೇಕ್ ಹಾಕ್ರಿ!"

ಎರಡು ದಿನ ಬಡಿದು ಹಳೇ ಪಿನ್ನುಗಳನ್ನು ಹೊರಗೆ ತೆಗೆದ. ಪಿನ್ನು ತೂರುವ ಬಳೆಯಂಥ ಹೊಸ ಬುಷ್ ಕೂರಿಸಿ, ಹೊಸ ಪಿನ್ ಹಾಕಿ, ಗ್ರೀಸ್ ತುಂಬಿದ. ಅದೇ ರಸ್ತೆ, ಅದೇ ವೇಗ, ಅದೇ ವಚನ. ಸ್ಟೀರಿಂಗ್ ಮಿಸುಕಲಿಲ್ಲ. ನನ್ನ ದನಿ ಹಲಗೆಯಷ್ಟು ಸಪಾಟಾಗಿತ್ತು.

ಸೋಲು ಒಪ್ಪಿಕೊಳ್ಳಲು ಸಿರುಗುಪ್ಪಕ್ಕೆ ಹೋದೆ. ಅಕ್ಕ ಬಿದ್ದು ಬಿದ್ದು ನಕ್ಕಳು.

"ನಾ ನಗ್ಯಾಟಕ್ಕ ಅಂದ್ರ ನೀ ಪರೀಕ್ಷೆ ಮಾಡಿದ್ಯಾ? ಪರೀಕ್ಷೆ ಅಪ್ಪಂದು, ಬರೆದಾವ ನೀನು. ನೀ ಫೇಲಾದ್ರ ಅಪ್ಪ ಹೆಂಗ ಫೇಲಾಗ್ತಾನಲೇ?"

ಅವಳನ್ನು ಕೂರಿಸಿಕೊಂಡು ಕುರುಗೋಡಿನತ್ತ ಹೊರಟೆ. ಕಾರು ನೀರ ಮೇಲೆ ಹೋದಂತೆ ಹೋಗುತ್ತಿತ್ತು. ಗುಡ್ಡ ಕಂಡಿತು. ಅಕ್ಕ ತನಗೇ ಗೊತ್ತಿಲ್ಲದಂತೆ ವಚನ ಶುರುಮಾಡಿದಳು. ಕೊನೆಯ ಸಾಲಿಗೆ ಬಂದಾಗ ದನಿ ಅಲೆಯಲೆಯಾಗಿ ನಡುಗುತ್ತಾ ಮೇಲೇರಿತು! ನನ್ನ ಕೈಯಲ್ಲಿ ಸ್ಟೀರಿಂಗ್ ಸುಮ್ಮನೆ ಕೂತಿತ್ತು.

"ಗಾಡಿ ನಿಲ್ಸು," ಎಂದಳು.

ನಿಲ್ಲಿಸಿದೆ. ಎಂಜಿನ್ನೂ ಆರಿಸಿದೆ. ಮತ್ತೆ ಹಾಡಿದಳು. ಅದೇ ನಡುಕ.

"ಅಪ್ಪಂದೇ ಐತಿ ಬಿಡು," ಎಂದು ಕಣ್ಣೊರೆಸಿಕೊಂಡಳು.

ನಾನು ಸೀಟಿನಲ್ಲೇ ಕುಣಿದೆ. ಅಪ್ಪ ಪಾಸು! ಮರುಗಳಿಗೆಯೇ ಇನ್ನೊಂದು ಅನುಮಾನ ತಲೆ ಎತ್ತಿತು: ಅವಳು ಇದನ್ನು ಕಲಿತದ್ದೂ ಆ ನಡುಗುವ ಕಾರಿನಲ್ಲೇ ಅಲ್ಲವೇ? ಹಾಗಾದರೆ ಅವಳ ಗಂಟಲಲ್ಲಿರುವುದು ಅಪ್ಪನೋ, ಕಿಂಗ್ ಪಿನ್ನೋ?

"ಇನ್ನೊಮ್ಮೆ ಹಾಡಕ್ಕಾ," ಎಂದೆ.