ವುಝೂ ಮಾಡುವ ನೀರು

ಪೀಣ್ಯದಲ್ಲಿ ಲೋಹಕ್ಕೆ ಹೊಳಪಿನ ಲೇಪ ಕೊಡುವ ಪ್ಲೇಟಿಂಗ್ ಶೆಡ್ಡುಗಳ ಹಿಂದಿನ ಅರೇಬಿಕ್ ಕಾಲೇಜಿನಲ್ಲಿ ನಾನು ರಸಾಯನಶಾಸ್ತ್ರ ಕಲಿಸುತ್ತಿದ್ದೆ. ದೇವವಾಣಿಯನ್ನೂ ವಿಜ್ಞಾನವನ್ನೂ ಬೆಸೆಯಬೇಕೆಂದು ಆಡಳಿತದವರು ವೇದಿಕೆ ಸಿಕ್ಕಾಗಲೆಲ್ಲ ಭಾಷಣ ಬಿಗಿಯುತ್ತಿದ್ದರು. ಪ್ರಯೋಗಾಲಯಕ್ಕೊಂದು ನಲ್ಲಿ ಹಾಕಿಸಿ ಎಂದರೆ ಮಾತ್ರ ಕಿವುಡರಾಗುತ್ತಿದ್ದರು.

ಹಾಗಾಗಿ ಒಂದು ದಿನ, ನಮಾಜಿಗೆ ಮುನ್ನ ವಿದ್ಯಾರ್ಥಿಗಳು ಮುಖ, ಕೈಕಾಲು ತೊಳೆದು ವುಝೂ ಮಾಡುವ ಬೋರ್‌ವೆಲ್ ನೀರನ್ನೇ ಪ್ರಯೋಗಕ್ಕೆ ತಂದೆವು. ರಾಸಾಯನಿಕ ಬೆರೆಸಿದೊಡನೆ ಅದು ಗುಲಾಬಿ ಬಣ್ಣಕ್ಕೆ ತಿರುಗಿತು. ನೀರಿನಲ್ಲಿ ಶೆಡ್ಡುಗಳಿಂದ ಇಳಿದ ವಿಷ, ಕ್ರೋಮಿಯಂ ಇತ್ತು.

ನಮ್ಮಲ್ಲೇ ಧರ್ಮಶಾಸ್ತ್ರ ಕಲಿಸುವ ಹಿರಿಯ ಮೌಲಾನಾರ ಬಳಿ ಹೋದೆ. ಬಣ್ಣ, ರುಚಿ, ವಾಸನೆ ಕೆಡದ ನೀರು ಶುದ್ಧವೇ ಎಂದು ಅವರು ವಾದಿಸಿದರೆ ಜಗಳಕ್ಕೆ ನಿಲ್ಲುವ ಸಿಟ್ಟಿನಲ್ಲೇ ಇದ್ದೆ.

ಅವರು ನಾನು ಒಯ್ದಿದ್ದ ಗುಲಾಬಿ ನೀರಿನ ಗಾಜಿನ ನಳಿಕೆಯನ್ನು ನೋಡಿ, "ಮೈಗೆ ಕೇಡು ಮಾಡೋ ನೀರು ಬೇಡ ಸಾರ್. ಶುದ್ಧ ಮಣ್ಣು ಮುಟ್ಟಿ ಮುಖ, ಕೈ ಸವರ್ಕೊಂಡ್ರೆ ಸಾಕು. ಶಾಸ್ತ್ರದಲ್ಲೇ ಇದೆ," ಎಂದರು.

ನನ್ನ ಸಿಟ್ಟು ಇಳಿಯಿತು. ತೋರಿಸಿಕೊಡಲು ಅವರು ಅಂಗಳದಲ್ಲಿ ಬಗ್ಗಿದರು. ಮಣ್ಣು ತಾಗುವ ಮೊದಲೇ ಕೈ ಹಿಂದೆಗೆದರು.

"ಇದನ್ನೂ ಟೆಸ್ಟ್ ಮಾಡ್ಬಿಡಿ ಸಾರ್."

ಮಾಡಿದೆ. ಬಾಟಲಿಯ ಶುದ್ಧ ನೀರಲ್ಲಿ ಕಲಸಿ ಸೋಸಿದರೆ ಅದೂ ಗುಲಾಬಿಯಾಯಿತು.

ಮರುದಿನ ನಾವಿಬ್ಬರೂ ಒಂದೇ ತರಗತಿಯಲ್ಲಿ ಅಕ್ಕಪಕ್ಕ ನಿಂತು, ಮೊದಲ ಸಲ ಒಂದೇ ಪಾಠ ಮಾಡಿದೆವು: ಮುಟ್ಟಬೇಡಿ.