ಪುಟ್ಟೇನಹಳ್ಳಿಯದೆಂದು ಕೊಟ್ಟ ಕಲ್ಲುಪುಡಿ

ಗೆಳೆಯರೇ, ಎರಡು ತಿಂಗಳು ಮುಚ್ಚಿಟ್ಟಿದ್ದನ್ನು ಇವತ್ತು ಒಪ್ಪಿಕೊಂಡೆ. ಪುಟ್ಟೇನಹಳ್ಳಿ ಬೋರ್‌ವೆಲ್ಲಿನದೆಂದು ನಾನು ಮ್ಯೂಸಿಯಂಗೆ ಕೊಟ್ಟ ಐದು ಪೊಟ್ಟಣಗಳ ಕಲ್ಲುಪುಡಿ ಜಕ್ಕೂರಿನದು.

ನಾನು ಕೆಲಸ ಮಾಡುವ ಬೋರ್‌ವೆಲ್ ರಿಗ್‌ನ (ಕೊರೆಯುವ ಲಾರಿಯ) ಮಾಲೀಕ ಬಾಷಾ ಸಾಬರಿಗೂ ಮ್ಯೂಸಿಯಂ ಮೇಡಂಗೂ ಒಂದು ಒಪ್ಪಂದವಿದೆ. ನೆಲ ಕೊರೆಯಲು ಮ್ಯೂಸಿಯಂನಲ್ಲಿ ಯಂತ್ರವಿಲ್ಲ, ನಾವು ಹೇಗೂ ಕೊರೆಯುತ್ತೇವೆ. ಕೊರೆಯುವ ಒಂದೊಂದು ರಾಡ್ ಇಳಿದಾಗ ಮೇಲೆ ಬರುವ ಪುಡಿಯನ್ನು ಬೇರೆ ಬೇರೆ ಗುಡ್ಡೆ ಹಾಕಿ, ಹಿಡಿಯಷ್ಟನ್ನು ಆಳ ಬರೆದು ಕಟ್ಟಿಕೊಡುತ್ತೇವೆ. ಅದು ಯಾವ ಕಲ್ಲೆಂದು ಅವರು ಹೇಳುತ್ತಾರೆ. ಪುಟ್ಟೇನಹಳ್ಳಿಯಲ್ಲಿ ನೀರು ಬೀಳಲಿಲ್ಲ. ಜಮೀನಿನ ಮಾಲೀಕ ಗೌಡರು ಸಿಟ್ಟಿನಲ್ಲಿ ಗುಡ್ಡೆಗಳನ್ನೆಲ್ಲ ವಾಪಸ್ ಬೋರಿಗೇ ನೂಕಿಬಿಟ್ಟರು. ಬರಿಗೈಯಲ್ಲಿ ಹೋಗಲು ನಾಚಿಕೆಯಾಗಿ, ಜಕ್ಕೂರಿನದೆಂದು ಮೊದಲೇ ಕೊಟ್ಟಿದ್ದರಲ್ಲಿ ಮಿಕ್ಕ ಪುಡಿಯನ್ನೇ ಪುಟ್ಟೇನಹಳ್ಳಿ ಎಂದು ಬರೆದು ಕಟ್ಟಿಕೊಟ್ಟೆ.

ಇವತ್ತು ಯಲಹಂಕದ ನಮ್ಮ ಶೆಡ್ಡಿಗೆ ಬಂದ ಮೇಡಂ, "ಎರಡೂ ಊರಲ್ಲಿ ಒಂದೇ ಕಲ್ಲು ಕಣ್ರೀ, ಇದನ್ನ ಗಾಜಿನ ಪೆಟ್ಟಿಗೇಲಿ ಇಡ್ತೀವಿ" ಎಂದು ಖುಷಿಪಟ್ಟರು.

"ಎರಡೂ ಜಕ್ಕೂರಿಂದೇ ಮೇಡಂ" ಎಂದೆ.

"ಅರೆ, ಸುಮ್ನಿರೋ. ಇನ್ಮೇಲೆ ಇವರು ನಮ್ ಕಡೆ ತಿರುಗಿ ನೋಡ್ತಾರಾ?" ಎಂದರು ಸಾಬರು.

ಮೇಡಂ ಬೈಯಲಿಲ್ಲ. "ಹಾಗಾದ್ರೆ ಪುಟ್ಟೇನಹಳ್ಳಿ ಕೆಳಗೆ ಏನಿತ್ತಪ್ಪಾ?"

"ಕಪ್ಪಗಿತ್ತು, ಮಿಂಚ್ತಿತ್ತು. ಅಷ್ಟೇ ಗೊತ್ತು."

ಅದು ಏನೆಂದು ಈಗ ಯಾರಿಗೂ ತಿಳಿಯುವಂತಿಲ್ಲ. ಮೇಡಂ ಶೆಡ್ಡಿನಲ್ಲಿದ್ದ ಬೇರೆ ಊರುಗಳ ಪೊಟ್ಟಣಗಳನ್ನೂ ಒಂದೊಂದಾಗಿ ಬಿಚ್ಚಿ, ಇದು ನಿಜಕ್ಕೂ ಎಲ್ಲಿಯದು ಎಂದು ನನ್ನನ್ನು ವಿಚಾರಿಸಿದರು. ಕೊನೆಗೆ ಸಾಬರಿಗೆ, "ಮುಂದಿಂದೂ ಇವನೇ ಕಟ್ಲಿ. ಸಿಗದಿದ್ರೆ ಸಿಗಲಿಲ್ಲ ಅಂತ ಬರೀಲಿ" ಎಂದರು.

ಬರೆಯುವ ಕಾಟ ತಪ್ಪಲೆಂದೇ ಸ್ಕೂಲು ಬಿಟ್ಟವನು ನಾನು. ಈಗ ಸಿಗದಿದ್ದನ್ನೂ ಬರೆಯಬೇಕು. ನಾಳೆ ಬೆಳಿಗ್ಗೆ ರಿಗ್ ಜೊತೆ ಹುಣಸಮಾರನಹಳ್ಳಿಗೆ ಹೊರಡುತ್ತೇನೆ.